ಮೂರೇ ದಿನಕ್ಕೆ ಮಂಡಿ ನೋವು ಮಾಯವಾದರೆ

(ಹಿರಿಯ ನಾಗರಿಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಂಡಿ ನೋವು ಮತ್ತು ಮೈ ತೂಕ ಸಾಮಾನ್ಯವಾಗಿ ಜೊತೆಜೊತೆಗೇ ಬರುತ್ತವೆ. ಐವತ್ತು ದಾಟಿದ ಮೇಲೆ ಮಂಡಿ ಹಿಡಿದುಕೊಳ್ಳುತ್ತದೆ, ಓಡಾಟ ಕಡಿಮೆಯಾಗುತ್ತದೆ, ಓಡಾಟವಿಲ್ಲದೆ ತೂಕ ಏರುತ್ತದೆ, ಏರಿದ ತೂಕ ಮತ್ತೆ ಅದೇ ಮಂಡಿಯ ಮೇಲೆ ಬೀಳುತ್ತದೆ. ಅದಕ್ಕೇ "ಬೊಜ್ಜಿಗೂ ಇದೇ, ಕೀಲು ನೋವಿಗೂ ಇದೇ" ಎಂದು ಯಾರಾದರೂ ಒಂದು ಡಬ್ಬಿ ತಂದು ಮುಂದಿಟ್ಟರೆ ಅವರ ಮಾತು ತರ್ಕಬದ್ಧ ಅನ್ನಿಸುತ್ತದೆ. ಆ ಡಬ್ಬಿ ನಂಬಿದವರನ್ನು ದಡ್ಡರು ಎನ್ನಲು ನಾನು ಬಂದಿಲ್ಲ. ಅವರು ಅದನ್ನು ನಂಬಿದ್ದು ಅದು ಕೆಲಸ ಮಾಡಿದ್ದರಿಂದ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ಅದು ಅಷ್ಟು ಬೇಗ ಕೆಲಸ ಮಾಡಿದ್ದೇ ಅದರ ಮೇಲೆ ಅನುಮಾನ ಪಡಲು ಮೊದಲ ಕಾರಣ.

ಈ ಮೇಜಿನ ಮೇಲಿರುವ ಡಬ್ಬಿಯನ್ನು ನೋಡಿ. ನನ್ನ ಹತ್ತಿರ ಚಿಕಿತ್ಸೆಗೆ ಬಂದವರೊಬ್ಬರು ಕೊಟ್ಟದ್ದು. ಬಿಳಿ ಪ್ಲಾಸ್ಟಿಕ್ ಡಬ್ಬಿ, ಮೇಲೆ ಹಸಿರು ಎಲೆಯ ಚಿತ್ರ, ಪಕ್ಕದಲ್ಲಿ ಮೆಟ್ಟಿಲು ಹತ್ತುತ್ತಿರುವ ಅಜ್ಜಿಯ ಚಿತ್ರ. ಶೇಕಡಾ ನೂರು ಆಯುರ್ವೇದ, ಅಡ್ಡ ಪರಿಣಾಮ ಇಲ್ಲ ಎಂದು ದಪ್ಪಕ್ಷರದಲ್ಲಿದೆ. ಲಕ್ಕಿ, ಗುಗ್ಗುಳು, ಅಶ್ವಗಂಧ, ಶುಂಠಿ ಎಂದು ಸಣ್ಣಕ್ಷರದಲ್ಲಿದೆ. ಒಳಗೆ ಮಣ್ಣಿನ ಬಣ್ಣದ ಪುಡಿ, ಮುಚ್ಚಳ ತೆಗೆದರೆ ಶುಂಠಿಯ ವಾಸನೆ. ಇನ್ನು ಹಿಂಬದಿ ನೋಡಿ. ಬ್ಯಾಚ್ ಸಂಖ್ಯೆ ಇಲ್ಲ, ತಯಾರಿಕೆಯ ಪರವಾನಗಿ ಸಂಖ್ಯೆ ಇಲ್ಲ, ವಿಳಾಸ ಇರಬೇಕಾದ ಜಾಗದಲ್ಲಿ ಒಂದು ಮೊಬೈಲ್ ನಂಬರ್ ಮಾತ್ರ.

ಇದನ್ನು ಕೊಟ್ಟ ತಾಯಿಗೆ ಇದ್ದದ್ದು ಸಂಧಿವಾತ, ಅಂದರೆ ನಾವು ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುವ ಕಾಯಿಲೆ. ವಯಸ್ಸಿಗೆ ಬರುವ ಮಂಡಿ ಸವೆತವೇ ಬೇರೆ, ಇದೇ ಬೇರೆ. ಇದರಲ್ಲಿ ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ. ಬೆಳಿಗ್ಗೆ ಎದ್ದಾಗ ಕೈಬೆರಳು ಮಡಚಲು ಬರುವುದಿಲ್ಲ, ಬಿಗಿತ ಸಡಿಲವಾಗಲು ಗಂಟೆಗಟ್ಟಲೆ ಬೇಕು. ಆಕೆ ಅಡಿಕೆ ಸುಲಿಯುವವರು. ಮೆಟ್ಟುಗತ್ತಿಯ ಮುಂದೆ ಕೂತು ಕಾಯಿ ಹಿಡಿಯಲು ಬೆರಳೇ ಬಗ್ಗದಿದ್ದರೆ ಆ ದಿನದ ಕೂಲಿ ಇಲ್ಲ. ಪುಡಿ ಶುರು ಮಾಡಿದ ಮೂರನೇ ದಿನಕ್ಕೆ ಬೆರಳು ಬಗ್ಗಿತು. ನಾಲ್ಕನೇ ದಿನ ಕೆಲಸಕ್ಕೆ ಹೋದರು. ಹಸಿವೂ ಚೆನ್ನಾಗಿ ಆಗತೊಡಗಿತು. ಅಕ್ಕಪಕ್ಕದ ಮನೆಯವರಿಗೂ ಅವರೇ ಹೇಳಿ ತರಿಸಿಕೊಟ್ಟರು. ಹೇಳದೆ ಇರುತ್ತಾರೆಯೇ?

ಕೆಲವು ತಿಂಗಳು ಕಳೆಯುವುದರಲ್ಲಿ ಮುಖ ದುಂಡಗಾಯಿತು, ಹೊಟ್ಟೆ ಬಂತು, ಕೈಕಾಲು ಮಾತ್ರ ಸಣಕಲಾದವು. ಹೊಟ್ಟೆಯ ಮೇಲೆ ನೇರಳೆ ಬಣ್ಣದ ಗೆರೆಗಳು ಮೂಡಿದವು. ಎಲ್ಲಾದರೂ ಸ್ವಲ್ಪ ತಾಗಿದರೂ ಚರ್ಮ ಕೆಂಪಗೆ ಕಂದುತ್ತಿತ್ತು. ಮೊದಮೊದಲು ನೆಂಟರು "ಮೈಕೈ ತುಂಬಿಕೊಂಡಿದ್ದೀಯಲ್ಲ" ಎಂದರು, ಆಮೇಲೆ "ಯಾಕೋ ತುಂಬ ದಪ್ಪ ಆದೆ" ಎಂದರು. ಡಬ್ಬಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದಾಗ ತೂಕ ಇಳಿಸುವ ಇನ್ನೊಂದು ಡಬ್ಬಿ ಬಂತು.

ಆಕೆಯನ್ನು ನೋಡಿದ ಕೂಡಲೇ ನಮಗೆ ಗೊತ್ತಾಗುವ ಸಂಗತಿ ಒಂದಿದೆ. ದುಂಡು ಮುಖ, ನೇರಳೆ ಗೆರೆ, ತೆಳುವಾದ ಚರ್ಮ, ಏರಿದ ಸಕ್ಕರೆ, ಇವೆಲ್ಲ ಒಟ್ಟಿಗೆ ಬಂದರೆ ಅದು ಹೆಚ್ಚುಕಮ್ಮಿ, ಊತ ತಗ್ಗಿಸುವ ಹಾರ್ಮೋನ್ ಜಾತಿಯ ಔಷಧಿಯಾದ ಸ್ಟೀರಾಯ್ಡ್‌ನ ಸಹಿ. ಲಕ್ಕಿಸೊಪ್ಪಿನಿಂದಾಗಲಿ ಶುಂಠಿಯಿಂದಾಗಲಿ ಹೀಗೆ ಆಗುವುದಿಲ್ಲ. ನನ್ನ ಆಯುರ್ವೇದ ವೈದ್ಯ ಮಿತ್ರರು ಇದನ್ನು ನನಗಿಂತ ಮೊದಲೇ ಗುರುತಿಸುತ್ತಾರೆ. ತಮ್ಮ ಶಾಸ್ತ್ರದ ಹೆಸರಿನಲ್ಲಿ ಇಂಥದ್ದು ನಡೆಯುವುದನ್ನು ಕಂಡು ಅವರಿಗೆ ಆಗುವ ಸಂಕಟ ದೊಡ್ಡದು.

ಸ್ಟೀರಾಯ್ಡ್ ಕೀಲು ನೋವಿನ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಜಗತ್ತಿಗೆ ಗೊತ್ತಾದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅಡಿಕೆ ಸುಲಿಯುವ ಆ ತಾಯಿಗೆ ಆದದ್ದೆಲ್ಲ ಅಲ್ಲಿ ಮೊದಲೇ ಆಗಿಹೋಗಿತ್ತು. 1948ರ ಸೆಪ್ಟೆಂಬರ್ ತಿಂಗಳು, ಅಮೆರಿಕದ ಮೇಯೋ ಕ್ಲಿನಿಕ್. 29 ವರ್ಷದ ಒಬ್ಬ ಹೆಣ್ಣುಮಗಳು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದಳು. ಫಿಲಿಪ್ ಹೆಂಚ್ ಎಂಬ ವೈದ್ಯರು, ರಸಾಯನ ವಿಜ್ಞಾನಿ ಎಡ್ವರ್ಡ್ ಕೆಂಡಲ್ ಬೇರ್ಪಡಿಸಿದ್ದ ‘ಕಾಂಪೌಂಡ್ ಇ’ ಎಂಬ ವಸ್ತುವನ್ನು ಆಕೆಗೆ ಚುಚ್ಚುಮದ್ದಾಗಿ ಕೊಡಿಸಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು, ಪೇಟೆಗೂ ಹೋಗಿಬಂದಳು. ಆ ವಸ್ತುವೇ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್. 1950ರಲ್ಲಿ ಹೆಂಚ್, ಕೆಂಡಲ್ ಮತ್ತು ಇದೇ ಹಾರ್ಮೋನುಗಳ ಮೇಲೆ ಕೆಲಸ ಮಾಡಿದ್ದ ಸ್ವಿಸ್ ವಿಜ್ಞಾನಿ ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಪ್ರಶಸ್ತಿ ಬಂತು. ಆದರೆ ಔಷಧಿ ಮುಂದುವರಿದ ಹಾಗೆ ರೋಗಿಗಳ ಮುಖ ಊದಿತು, ಕೆಲವರ ಮನಸ್ಥಿತಿ ಕೆಟ್ಟಿತು, ಔಷಧಿ ನಿಲ್ಲಿಸಿದರೆ ಹಳೆಯ ನೋವು ಮರಳಿತು. ಬೆರಳೆಣಿಕೆಯ ವರ್ಷಗಳಲ್ಲೇ ವೈದ್ಯಲೋಕ ಪಾಠ ಕಲಿಯಿತು. ಸ್ಟೀರಾಯ್ಡ್ ಒಳ್ಳೆಯ ಔಷಧಿ, ಇವತ್ತೂ ಸಾವಿರಾರು ಜೀವ ಉಳಿಸುತ್ತಿದೆ. ನಾನೂ ಬರೆಯುತ್ತೇನೆ. ಎಷ್ಟು, ಎಷ್ಟು ದಿನ, ಹೇಗೆ ಇಳಿಸಬೇಕು ಎಂದು ಲೆಕ್ಕ ಇಟ್ಟುಕೊಂಡು ಬರೆಯುತ್ತೇನೆ. ಈ ಡಬ್ಬಿಯಲ್ಲಿ ಇಲ್ಲದಿರುವುದು ಆ ಲೆಕ್ಕ.

ಅದನ್ನು ಪುಡಿಯಲ್ಲಿ ಬಚ್ಚಿಡುವುದು ಎಷ್ಟು ಸುಲಭ ಗೊತ್ತೇ? ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಮುಕ್ಕಾಲು ಮಿಲಿಗ್ರಾಂ ಇದ್ದರೆ ಸಾಕು, ನಮ್ಮ ದೇಹ ಇಡೀ ದಿನ ತಯಾರಿಸುವ ಸ್ಟೀರಾಯ್ಡ್‌ಗೆ ಅದು ಸರಿಸುಮಾರು ಸಮ. ಒಂದು ಚಮಚ ಪುಡಿ ಎಂದರೆ ಸಾವಿರಾರು ಮಿಲಿಗ್ರಾಂ. ಅದರಲ್ಲಿ ಒಂದೆರಡು ಮಿಲಿಗ್ರಾಂ ಬೆರೆತಿದ್ದರೆ ಬಣ್ಣದಲ್ಲಿ, ವಾಸನೆಯಲ್ಲಿ, ರುಚಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಮಾತ್ರ ಗೊತ್ತಾಗುತ್ತದೆ. ಜೊತೆಗೆ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯ ಪುಡಿಯೂ ಇದ್ದರೆ ಹೊಟ್ಟೆಯಲ್ಲಿ ಹುಣ್ಣಾಗುವ, ಕಿಡ್ನಿ ಕೆಡುವ ಅಪಾಯವೂ ಇದೆ.

ಇದು ನಮ್ಮ ಊರಿನ, ನಮ್ಮ ದೇಶದ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ ‘ಆರ್ಟ್ರಿ ಕಿಂಗ್’ ಎಂಬ ಹೆಸರಿನ ಮಾತ್ರೆಯನ್ನು ಗಿಡಮೂಲಿಕೆಯ ಕೀಲು ನೋವಿನ ಪೂರಕ ಎಂದು ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಮಾರುತ್ತಿದ್ದರು. 2022ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಅದನ್ನು ಪರೀಕ್ಷಿಸಿದಾಗ ಲೇಬಲ್‌ನಲ್ಲಿ ಹೇಳದ ಎರಡು ಔಷಧಿಗಳು ಸಿಕ್ಕವು: ಡೆಕ್ಸಾಮೆಥಸೋನ್ ಮತ್ತು ಡೈಕ್ಲೋಫೆನಾಕ್. ಯಕೃತ್ತಿಗೆ ಹಾನಿಯಾದ, ಸಾವು ಸಂಭವಿಸಿದ ವರದಿಗಳು ಬಂದಿವೆ ಎಂದು ಆ ಸಂಸ್ಥೆ ಮತ್ತೆ ಮತ್ತೆ ಎಚ್ಚರಿಕೆ ಕೊಡಬೇಕಾಯಿತು.

ಇನ್ನು ತೂಕದ ಡಬ್ಬಿಗೆ ಬರೋಣ. ಇದರಲ್ಲಿ ನಮ್ಮ ಕಾಡಿನ ಒಂದು ಹಣ್ಣಿನ ಕಥೆ ಇದೆ. ಉಪ್ಪಾಗೆ. ಶಿರಸಿ, ಸಿದ್ದಾಪುರದ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಬೀಜದಿಂದ ತುಪ್ಪ ತೆಗೆಯುತ್ತಾರೆ, ಒಣಗಿಸಿದ ಸಿಪ್ಪೆ ಕೇರಳದ ಮೀನು ಸಾರಿಗೆ ಹೋಗುತ್ತದೆ. ಕೊಡಗಿನಲ್ಲಿ ಇದರ ರಸವನ್ನೇ ಕಾಯಿಸಿ ಕಾಚಂಪುಳಿ ಮಾಡುತ್ತಾರೆ, ಅದಿಲ್ಲದೆ ಪಂದಿಕರಿ ಇಲ್ಲ. ಈ ಹುಳಿಯಲ್ಲಿರುವ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿಕೊಟ್ಟವರು ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್. ನಮ್ಮ ನೆಲದ ಒಳ್ಳೆಯ ವಿಜ್ಞಾನ ಅದು. ಆ ಆಮ್ಲ ಪಿಷ್ಟವನ್ನು ಕೊಬ್ಬಾಗಿ ಪರಿವರ್ತಿಸುವ ಒಂದು ಕಿಣ್ವವನ್ನು ತಡೆಯುತ್ತದೆ ಎಂದು ಮುಂದೆ ಅಮೆರಿಕದ ಪ್ರಯೋಗಾಲಯದಲ್ಲಿ ಗೊತ್ತಾಯಿತು. ಇಲಿಗಳ ಮೇಲೆ ಫಲವೂ ಕಂಡಿತು. ಅಲ್ಲಿಂದ ಉಪ್ಪಾಗೆ ‘ಗಾರ್ಸೀನಿಯಾ ಕ್ಯಾಂಬೋಜಿಯಾ’ ಎಂಬ ಹೆಸರಿನಲ್ಲಿ ಕ್ಯಾಪ್ಸೂಲ್ ಸೇರಿತು, ಜಗತ್ತಿನ ಪೇಟೆಗೆ ಹೋಯಿತು. ಬೇಡಿಕೆ ಏರಿದಾಗ ನಮ್ಮ ಕಾಡಿನ ಮೇಲೆ ಬಿದ್ದ ಹೊರೆಯೂ ಸಣ್ಣದಲ್ಲ. ಹಣ್ಣಾಗುವುದು ಮಳೆಗಾಲದಲ್ಲಿ, ಬಿಸಿಲಿಗೆ ಒಣಗುವುದಿಲ್ಲ, ಸಿಪ್ಪೆ ಒಣಗಿಸಲು ಕಟ್ಟಿಗೆ ಉರಿಸಬೇಕು.

ಇಷ್ಟೆಲ್ಲ ಆದಮೇಲೆ ಮನುಷ್ಯರಲ್ಲಿ ಏನಾಯಿತು? 1998ರಲ್ಲಿ ನ್ಯೂಯಾರ್ಕ್‌ನಲ್ಲಿ 135 ಜನರ ಮೇಲೆ ಸರಿಯಾದ ಕ್ರಮದಲ್ಲಿ ಪರೀಕ್ಷೆ ಮಾಡಿದರು. ಅರ್ಧದಷ್ಟು ಜನರಿಗೆ ದಿನಕ್ಕೆ 1500 ಮಿಲಿಗ್ರಾಂ ಆ ಆಮ್ಲ, ಉಳಿದವರಿಗೆ ನೋಡಲು ಹಾಗೇ ಇರುವ, ಒಳಗೆ ಔಷಧಿಯೇ ಇಲ್ಲದ ಸಪ್ಪೆ ಕ್ಯಾಪ್ಸೂಲ್. ಯಾರಿಗೆ ಯಾವುದು ಎಂದು ಅವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಎಲ್ಲರಿಗೂ ಒಂದೇ ಪಥ್ಯ. 12 ವಾರದ ಕೊನೆಗೆ ಉಪ್ಪಾಗೆಯ ಆಮ್ಲ ತಿಂದವರು ಸರಾಸರಿ 3.2 ಕಿಲೋ ಇಳಿದಿದ್ದರು, ಸಪ್ಪೆ ಕ್ಯಾಪ್ಸೂಲ್ ನುಂಗಿದವರು 4.1 ಕಿಲೋ. ತೂಕ ಇಳಿಸಿದ್ದು ಪಥ್ಯ. ಇಲಿಯಲ್ಲಿ ಆದದ್ದು ನಮ್ಮಲ್ಲಿ ಯಾಕೆ ಆಗಲಿಲ್ಲ ಎಂದರೆ, ನಮ್ಮ ಮೈಯಲ್ಲಿ ಸೇರುವ ಕೊಬ್ಬಿನ ಬಹುಪಾಲು ನಾವು ತಿನ್ನುವ ಎಣ್ಣೆ, ತುಪ್ಪ, ಕರಿದ ತಿಂಡಿಯಿಂದ ನೇರವಾಗಿ ಬಂದದ್ದು. ಅನ್ನದ ಪಿಷ್ಟ ಕೊಬ್ಬಾಗುವ ದಾರಿ ನಮ್ಮಲ್ಲಿ ಕಿರಿದು. ಆ ಕಿರಿದಾರಿಗೆ ಅಡ್ಡ ನಿಂತು ಏನು ಪ್ರಯೋಜನ? ಸಾರಿಗೆ ಹಾಕುವ ಉಪ್ಪಾಗೆಗೆ ಹೆದರಬೇಡಿ, ಅದು ಊಟದ ಹುಳಿ. ಅದರ ಸತ್ವವನ್ನು ಹಿಂಡಿ ದಿನವೂ ನುಂಗಿದವರಲ್ಲಿ ಕೆಲವರ ಯಕೃತ್ತು ಕೆಟ್ಟ ವರದಿಗಳು ಬಂದಿವೆ.

ಉಪ್ಪಾಗೆ ಕ್ಯಾಪ್ಸೂಲ್ ತಿಂದು ಏನೂ ಆಗಲಿಲ್ಲ ಎಂದರೆ ದುಡ್ಡು ಹೋಯಿತು ಅಷ್ಟೇ. ನಿಜಕ್ಕೂ ಹೆದರಬೇಕಾದದ್ದು ಹಸಿವೇ ಕಟ್ಟಿಹೋಗುವ ಗಿಡಮೂಲಿಕೆ ಕ್ಯಾಪ್ಸೂಲ್‌ಗೆ. ಬಾಯಿ ಒಣಗಿ, ಎದೆ ಡವಡವ ಅಂದು, ರಾತ್ರಿ ನಿದ್ದೆ ಬಾರದೆ, ತೂಕ ಮಾತ್ರ ಸರಸರ ಇಳಿಯುತ್ತದೆ. ಇಂಥ ಮಾಲುಗಳಲ್ಲಿ ಸಿಬುಟ್ರಮೈನ್ ಎಂಬ ಔಷಧಿ ಬೇರೆ ಬೇರೆ ದೇಶಗಳಲ್ಲಿ ಪದೇಪದೇ ಸಿಕ್ಕಿದೆ. ಒಂದು ಕಾಲಕ್ಕೆ ವೈದ್ಯರೇ ಬರೆಯುತ್ತಿದ್ದ ಔಷಧಿ ಅದು. ಸುಮಾರು ಹತ್ತು ಸಾವಿರ ಜನರ ಅಧ್ಯಯನದಲ್ಲಿ, ಮೊದಲೇ ಹೃದಯದ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚುತ್ತವೆ ಎಂದು ಕಂಡಿತು. 2010ರಲ್ಲಿ ಅಮೆರಿಕದ ಪೇಟೆಯಿಂದ ಹಿಂತೆಗೆದರು, 2011ರಲ್ಲಿ ಭಾರತದಲ್ಲೂ ನಿಷೇಧವಾಯಿತು. ಬೊಜ್ಜು, ಬಿಪಿ, ಸಕ್ಕರೆ ಮೂರೂ ಇರುವವರೇ ಇಂಥ ಕ್ಯಾಪ್ಸೂಲ್ ಕೊಳ್ಳುವವರು. ಅಂದರೆ ಯಾರಿಗೆ ಅದು ಅತ್ಯಂತ ಅಪಾಯವೋ ಅವರ ಕೈಗೇ ಅದು ಹೋಗುತ್ತಿದೆ. ಇದು ನನ್ನ ನಿದ್ದೆ ಕೆಡಿಸುವ ಸಂಗತಿ.

ಕಾನೂನು ಇಲ್ಲವೇ ಎಂದು ಕೇಳುತ್ತೀರಿ. ಇದೆ, ಅದೂ 1954ರಿಂದ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ. ಅದರ ಅನುಸೂಚಿಯಲ್ಲಿ ಐವತ್ತಕ್ಕೂ ಹೆಚ್ಚು ಕಾಯಿಲೆಗಳ ಪಟ್ಟಿ ಇದೆ. ಇವನ್ನು ವಾಸಿ ಮಾಡುತ್ತೇವೆ, ತಡೆಯುತ್ತೇವೆ ಎಂದು ಯಾವ ಔಷಧಿಗೂ ಸಾರ್ವಜನಿಕವಾಗಿ ಜಾಹೀರಾತು ಕೊಡುವಂತಿಲ್ಲ. ಆ ಪಟ್ಟಿಯಲ್ಲಿ ಬೊಜ್ಜೂ ಇದೆ, ಸಂಧಿವಾತವೂ ಇದೆ. ಜಾಹೀರಾತು ಎಂದರೆ ಏನು ಎಂಬುದಕ್ಕೆ ಕಾಯ್ದೆ ಕೊಡುವ ಅರ್ಥವೂ ವಿಶಾಲ: ನೋಟಿಸು, ಲೇಬಲ್, ಹೊದಿಕೆ, ಬಾಯಿಮಾತು, ಬೆಳಕು, ಶಬ್ದ, ಹೊಗೆ ಯಾವುದರ ಮೂಲಕ ಸಾರಿದರೂ ಅದು ಜಾಹೀರಾತೇ. ಎಪ್ಪತ್ತು ವರ್ಷದ ಹಿಂದೆ ಬರೆದ ಆ ಸಾಲಿನೊಳಗೆ ಇವತ್ತಿನ ಮೊಬೈಲ್ ವಿಡಿಯೋ ಕೂಡ ಬರುತ್ತದೆ. ಆದರೆ ಮೊದಲ ಸಲ ಸಿಕ್ಕಿಬಿದ್ದರೆ ಶಿಕ್ಷೆ ಹೆಚ್ಚೆಂದರೆ ಆರು ತಿಂಗಳ ಸೆರೆ, ಅಥವಾ ದಂಡ, ಅಥವಾ ಎರಡೂ. ದೂರು ಕೊಡುವವರೂ ಕಡಿಮೆ.

ಪರವಾನಗಿ ಇರುವ ಪೇಟೆಂಟ್ ಆಯುರ್ವೇದ ಔಷಧಿಗಳನ್ನೂ ನಾನು ಇದೇ ತಕ್ಕಡಿಗೆ ಹಾಕುತ್ತಿಲ್ಲ. ಶಾಸ್ತ್ರಗ್ರಂಥಗಳಲ್ಲಿ ಹೇಳಿದ ದ್ರವ್ಯಗಳನ್ನೇ ಕಂಪನಿ ತನ್ನದೇ ಪ್ರಮಾಣದಲ್ಲಿ ಸೇರಿಸಿ, ರಾಜ್ಯದ ಪರವಾನಗಿ ಪಡೆದು ಮಾಡುವ ಔಷಧಿ ಅದು. ಅದರ ಮೇಲೆ ಪರವಾನಗಿ ಸಂಖ್ಯೆ, ಬ್ಯಾಚ್, ತಯಾರಕರ ಪೂರ್ತಿ ವಿಳಾಸ ಇರಲೇಬೇಕು. ಅದನ್ನು ವೈದ್ಯರನ್ನು ಕೇಳಿ ತೆಗೆದುಕೊಳ್ಳಿ. ಇನ್ನು ಕೆಲವು ಡಬ್ಬಿಗಳು ಔಷಧಿಯ ಪರವಾನಗಿಯನ್ನೇ ಪಡೆಯದೆ ಆಹಾರ ಪೂರಕ ಎಂದು ಬರುತ್ತವೆ. ಅವುಗಳ ಮೇಲೆ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ, ‘ನಾಟ್ ಫಾರ್ ಮೆಡಿಸಿನಲ್ ಯೂಸ್’ ಎಂಬ ಸಾಲು ಇರಬೇಕು. ಔಷಧಿಯಾಗಿ ಬಳಸಬೇಡಿ ಎಂದು ಡಬ್ಬಿಯ ಮೇಲೆಯೇ ಬರೆದಿರುವಾಗ ಮಾರುವವರು ನೋವು ವಾಸಿಯಾಗುತ್ತದೆ ಎಂದು ಹೇಳಿದರೆ, ನೀವು ಆ ಸಾಲನ್ನು ಬೆರಳಿಟ್ಟು ತೋರಿಸಿ ಕೇಳಿ.

"ಆದರೆ ಡಾಕ್ಟ್ರೇ, ಸುಮಾರು ಜನಕ್ಕೆ ವಾಸಿ ಆಗಿದೆಯಲ್ಲ" ಎನ್ನುವವರು ಯಾವಾಗಲೂ ಇರುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಮಂಡಿ ನೋವು ಏರಿಳಿಯುವ ನೋವು. ಜನ ಔಷಧಿಗೆ ಹೋಗುವುದು ನೋವು ಅತಿಯಾದಾಗ, ಅದಾದ ಮೇಲೆ ತಾನಾಗಿಯೇ ಸ್ವಲ್ಪ ಇಳಿಯುವುದೂ ಸಹಜ. ಇದರ ಪ್ರಮಾಣ ಎಷ್ಟೆಂದು ಗೊತ್ತಾಗಬೇಕಾದರೆ, ಕೀಲು ನೋವಿಗೆಂದು ಮಾರುವ ಗ್ಲೂಕೋಸಮೈನ್ ಮಾತ್ರೆಯ ಮೇಲೆ ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. 1583 ಜನರಲ್ಲಿ ಸಪ್ಪೆ ಮಾತ್ರೆ ನುಂಗಿದವರ ಪೈಕಿಯೇ ನೂರಕ್ಕೆ 60 ಜನರಿಗೆ ನೋವು ಕನಿಷ್ಠ ಐದನೇ ಒಂದು ಭಾಗ ಕಡಿಮೆಯಾಗಿತ್ತು. ಹೀಗಿರುವಾಗ ಯಾವ ಪುಡಿ ಮಾರಿದರೂ ನೂರಕ್ಕೆ ಅರವತ್ತು ಜನ ಪ್ರಾಮಾಣಿಕವಾಗಿಯೇ ಒಳ್ಳೆಯ ಮಾತು ಹೇಳುತ್ತಾರೆ.

ಹಾಗಾದರೆ ತೂಕವನ್ನೂ ಮಂಡಿ ನೋವನ್ನೂ ಒಟ್ಟಿಗೆ ಇಳಿಸುವುದು ಯಾವುದೂ ಇಲ್ಲವೇ? ಇದೆ, ಮತ್ತು ಇದನ್ನು ಹೇಳಲು ನನಗೆ ಸಂತೋಷ. ನಿಮ್ಮ ತೂಕ ಒಂದು ಕಿಲೋ ಇಳಿದರೆ, ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಬೀಳುವ ಹೊರೆ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ. ಐದು ಕಿಲೋ ಇಳಿಸಿದವರು ಹೆಜ್ಜೆ ಹೆಜ್ಜೆಗೂ ಇಪ್ಪತ್ತು ಕಿಲೋ ಕೆಳಗಿಟ್ಟ ಹಾಗೆ. ಜೊತೆಗೆ ತೊಡೆಯ ಮುಂಭಾಗದ ಸ್ನಾಯು ಗಟ್ಟಿ ಮಾಡಿಕೊಳ್ಳಬೇಕು. ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ, ಹತ್ತು ಎಣಿಸುವವರೆಗೆ ಹಿಡಿದು, ನಿಧಾನಕ್ಕೆ ಇಳಿಸಿ. ಎರಡೂ ಕಾಲಿಗೆ ಹತ್ತು ಹತ್ತು ಸಲ, ಬೆಳಿಗ್ಗೆ ಸಂಜೆ. ಈಗಲೇ ಕೂತಲ್ಲೇ ಒಂದು ಸಲ ಮಾಡಿ ನೋಡಿ. ತೊಡೆಯ ಮೇಲೆ ಕೈಯಿಟ್ಟರೆ ಸ್ನಾಯು ಬಿಗಿಯುವುದು ತಿಳಿಯಬೇಕು.

ಇತ್ತೀಚೆಗೆ ಬಂದಿರುವ ಸೆಮಾಗ್ಲುಟೈಡ್ ಎಂಬ ತೂಕ ಇಳಿಸುವ ಚುಚ್ಚುಮದ್ದನ್ನು ಬೊಜ್ಜು ಮತ್ತು ಮಂಡಿ ಸವೆತ ಎರಡೂ ಇದ್ದ 407 ಜನರ ಮೇಲೆ ಪರೀಕ್ಷಿಸಿ, ಫಲಿತಾಂಶವನ್ನು 2024ರಲ್ಲಿ ಪ್ರಕಟಿಸಿದ್ದಾರೆ. 68 ವಾರದಲ್ಲಿ ಔಷಧಿ ಪಡೆದವರ ತೂಕ ಶೇ. 13.7ರಷ್ಟು ಇಳಿಯಿತು, ನೂರು ಅಂಕದ ಅಳತೆಯಲ್ಲಿ ನೋವು ಸುಮಾರು 42 ಅಂಕ ಇಳಿಯಿತು. ಸಪ್ಪೆ ಚುಚ್ಚುಮದ್ದು ಪಡೆದವರಲ್ಲೂ 27 ಅಂಕಕ್ಕಿಂತ ಹೆಚ್ಚು ಇಳಿದಿತ್ತು ಎಂಬುದನ್ನು ಅದೇ ವರದಿ ಮುಚ್ಚಿಡದೆ ಹೇಳುತ್ತದೆ. ಎಷ್ಟು ಜನ, ಎಷ್ಟು ದಿನ, ಯಾರ ಜೊತೆ ಹೋಲಿಸಿ, ಏನೇನು ತೊಂದರೆ ಆಯಿತು ಎಂದು ಎಲ್ಲರ ಮುಂದೆ ಇಡುವುದು ಎಂದರೆ ಇದು. ವಾಂತಿ, ಹೊಟ್ಟೆ ತೊಳಸುವಿಕೆ ಇದರ ಸಾಮಾನ್ಯ ತೊಂದರೆಗಳು. ಎಲ್ಲರಿಗೂ ಬೇಕಾದ್ದೂ ಅಲ್ಲ, ಎಲ್ಲರ ಕೈಗೆ ಎಟುಕುವ ಬೆಲೆಯದ್ದೂ ಅಲ್ಲ. ವೈದ್ಯರ ಚೀಟಿ ಇಲ್ಲದೆ ಇದರ ಹತ್ತಿರವೂ ಹೋಗಬೇಡಿ.

ಸಂಧಿವಾತದವರಿಗೆ ಒಂದು ಮಾತು. ನಿಮ್ಮ ಕಾಯಿಲೆಗೆ ಮೆಥೋಟ್ರೆಕ್ಸೇಟ್‌ನಂಥ, ರೋಗದ ಬೇರಿಗೇ ಕೈ ಹಾಕುವ ಔಷಧಿಗಳಿವೆ. ಅವು ಕೆಲಸ ಶುರು ಮಾಡಲು ವಾರಗಳು ಬೇಕು. ವಾರಕ್ಕೆ ಒಂದೇ ಸಲ ನುಂಗುವ ಮಾತ್ರೆ ಅದು, ದಿನಾ ನುಂಗಿದರೆ ಪ್ರಾಣಾಪಾಯ. ಕಾಯಿಲೆ ಶುರುವಾದ ಮೊದಲ ತಿಂಗಳುಗಳಲ್ಲೇ ಬಂದರೆ ಬೆರಳು ಸೊಟ್ಟಗಾಗದ ಹಾಗೆ ಉಳಿಸಬಹುದು. ಪುಡಿಯಲ್ಲಿ ಕಳೆದುಹೋಗುವುದು ಆ ತಿಂಗಳುಗಳೇ.

ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು, "ನಾನು ಒಂದು ವರ್ಷದಿಂದ ಇಂಥದ್ದೇ ಪುಡಿ ತಗೊಳ್ತಾ ಇದ್ದೀನಿ, ಇವತ್ತೇ ಎಸೆದುಬಿಡಲಾ?" ಎಂದು ಕೇಳಿದರು. ಬೇಡಮ್ಮ, ಎಸೆಯಬೇಡಿ. ಇದು ಇಡೀ ಸಭೆಗೆ ಹೇಳಬೇಕಾದ ಮಾತು. ಹೊರಗಿನಿಂದ ದಿನಾ ಸ್ಟೀರಾಯ್ಡ್ ಬರುತ್ತಿದ್ದರೆ, ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿಬಿಡುತ್ತದೆ. ಪುಡಿಯನ್ನು ಒಮ್ಮೆಲೇ ಬಿಟ್ಟರೆ ದೇಹಕ್ಕೆ ಎರಡೂ ಕಡೆಯಿಂದ ಇಲ್ಲ. ಮೊದಲು ಹೇಳಿದ ಆ ಅಡಿಕೆ ಸುಲಿಯುವ ತಾಯಿ ನಮ್ಮಲ್ಲಿಗೆ ಬಂದದ್ದೇ ಹಾಗೆ. ಯಾರೋ ಎಚ್ಚರಿಸಿದರು ಎಂದು ಪುಡಿ ನಿಲ್ಲಿಸಿದರು, ಕೆಲವೇ ದಿನಕ್ಕೆ ವಾಂತಿ, ನಿತ್ರಾಣ, ಬಿಪಿ ಪಾತಾಳಕ್ಕೆ. ಡಬ್ಬಿಯನ್ನು ಹಾಗೇ ಹಿಡಿದುಕೊಂಡು ವೈದ್ಯರ ಹತ್ತಿರ ಬನ್ನಿ. ರಕ್ತದಲ್ಲಿ ಕಾರ್ಟಿಸಾಲ್, ಅಂದರೆ ದೇಹ ತಾನೇ ತಯಾರಿಸುವ ಸ್ಟೀರಾಯ್ಡ್, ಎಷ್ಟಿದೆ ಎಂದು ನೋಡಿ, ಲೆಕ್ಕ ಗೊತ್ತಿರುವ ಸ್ಟೀರಾಯ್ಡ್ ಮಾತ್ರೆಗೆ ಬದಲಿಸಿ, ಹಂತ ಹಂತವಾಗಿ ಇಳಿಸುತ್ತೇವೆ. ಸಕ್ಕರೆ, ಮೂಳೆಯ ಸಾಂದ್ರತೆ, ಕಣ್ಣಿನ ಪೊರೆಯನ್ನೂ ನೋಡಬೇಕು.

"ದೂರು ಎಲ್ಲಿ ಕೊಡೋದು?" ಎಂದು ನಿವೃತ್ತ ಮೇಷ್ಟ್ರು ಒಬ್ಬರು ಕೇಳಿದರು. ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗೆ ಅಥವಾ ಆಯುಷ್ ಕಚೇರಿಗೆ ಬರೆದು ಕೊಡಿ. ಜಾಹೀರಾತಿನ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಬಿಲ್ಲು, ಡಬ್ಬಿ, ಉಳಿದ ಪುಡಿ, ಫೋನಿಗೆ ಬಂದ ವಿಡಿಯೋ ಎಲ್ಲವನ್ನೂ ಇಟ್ಟುಕೊಂಡಿರಿ. ಡಬ್ಬಿ ತೊಳೆದು ಸಾಸಿವೆ ಜೀರಿಗೆ ತುಂಬಿಟ್ಟರೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ.

ಕೊನೆಗೆ ಒಬ್ಬ ಯುವಕ, ತನ್ನ ತಾಯಿಗೆ ಮುಂದಿನ ತಿಂಗಳು ಮಂಡಿ ಬದಲಿಸುವ ಆಪರೇಷನ್ ಇದೆ, ಇಷ್ಟು ದಿನ ಪುಡಿ ತಿಂದಿದ್ದನ್ನು ಅಲ್ಲಿ ಹೇಳಿಲ್ಲ, ಡಾಕ್ಟ್ರು ಬೈಯುತ್ತಾರೆಂದು ಅಮ್ಮನಿಗೆ ಹೆದರಿಕೆ ಎಂದ. ಹೇಳಲೇಬೇಕಪ್ಪ, ನಾಳೆಯೇ ಹೋಗಿ ಹೇಳು. ಆಪರೇಷನ್ ಹೊತ್ತಿನಲ್ಲಿ ದೇಹಕ್ಕೆ ಎಂದಿಗಿಂತ ಹೆಚ್ಚು ಸ್ಟೀರಾಯ್ಡ್ ಬೇಕು. ಅಮ್ಮನ ಗ್ರಂಥಿ ಮಲಗಿದ್ದರೆ ಅದು ಬರುವುದಿಲ್ಲ, ಮೇಜಿನ ಮೇಲೆಯೇ ಬಿಪಿ ಕುಸಿಯಬಹುದು. ಗೊತ್ತಿದ್ದರೆ ಅರಿವಳಿಕೆಯ ವೈದ್ಯರು ಮೊದಲೇ ಚುಚ್ಚುಮದ್ದು ಸಿದ್ಧ ಮಾಡಿಕೊಳ್ಳುತ್ತಾರೆ, ಗಾಯ ಒಣಗುವುದು ತಡವಾಗಬಹುದೆಂದು ಸೋಂಕಿನ ಮೇಲೂ ಕಣ್ಣಿಡುತ್ತಾರೆ. ಬೈದರೆ ಬೈಸಿಕೊ. ಪುಡಿಯ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಹೋಗು.